ಅಮ್ಮನ ಕೈ ಊರುವ ಜಾಗಗಳು: ಹನ್ನೊಂದು ವಾರದ ಲಾಗ್

ವಾರ 1: ಗೋಡೆಯ ಮೇಲಿನ ಕಲೆ

ಅಮ್ಮನಿಗೆ ಈಗ 78. ಹೋದ ತಿಂಗಳು ಬಚ್ಚಲಿನಿಂದ ಹೊರಗೆ ಬರುವಾಗ ಕಾಲು ಜಾರಿ ಕೂತುಬಿಟ್ಟಳು. ಮೂಳೆ ಮುರಿಯಲಿಲ್ಲ. ಸೊಂಟದ ಪಕ್ಕ ಅಂಗೈ ಅಗಲ ನೀಲಿಗಟ್ಟಿತ್ತು. ನಮಗೆ ಗೊತ್ತಾಗಿದ್ದು ನಾಲ್ಕು ದಿನ ಆದಮೇಲೆ. ಯಾಕಮ್ಮಾ ಹೇಳಲಿಲ್ಲ ಅಂದರೆ, "ಹೇಳಿದ್ರೆ ಓಡಾಡೋಕೇ ಬಿಡಲ್ಲ ಕಣೋ ನೀವು" ಅಂದಳು. ಮಾತು ಕಿವಿಗೆ ಬಿತ್ತು, ತಲೆಗೆ ಹೋಗಿದ್ದು ಐದು ವಾರದ ನಂತರ. ಅದನ್ನು ಮುಂದೆ ಬರೆಯುತ್ತೇನೆ.

ಮೊದಲ ಕೆಲಸವಾಗಿ ರಾತ್ರಿ ಎರಡು ಗಂಟೆಗೆ ಎದ್ದು, ದೀಪ ಹಾಕದೆ, ಅವಳ ಮಂಚದಿಂದ ಬಚ್ಚಲವರೆಗೆ ನಡೆದು ನೋಡಿದೆ. ಅವಳು ದಿನಾ ಎದ್ದು ಹೋಗುವುದು ಆ ಹೊತ್ತಿಗೇ. ಹದಿನಾಲ್ಕು ಹೆಜ್ಜೆ. ಅಷ್ಟರಲ್ಲೇ ಮೂರು ಕಡೆ ಎಡವುವಂತಿತ್ತು. ಮಂಚದ ಪಕ್ಕ ಕಾಲೊರಸಿನ ಅಂಚು ಮೇಲೆದ್ದಿತ್ತು, ಚಾರ್ಜರ್ ವೈರ್ ನೆಲದ ಮೇಲೆ ಅಡ್ಡ ಬಿದ್ದಿತ್ತು, ಬಚ್ಚಲ ಹೊಸ್ತಿಲು ಎರಡು ಸೆಂಟಿಮೀಟರ್ ಎತ್ತರ. ಲೈಟ್ ಸ್ವಿಚ್ ಇರುವುದು ಬಾಗಿಲ ಹತ್ತಿರ. ಅಂದರೆ ದೀಪ ಹಾಕೋಕೇ ಕತ್ತಲಲ್ಲಿ ಆರು ಹೆಜ್ಜೆ ನಡೀಬೇಕು.

ಬೆಳಿಗ್ಗೆ ಅದೇ ದಾರಿಯನ್ನು ಬೆಳಕಲ್ಲಿ ನೋಡಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಬಚ್ಚಲ ತಿರುವಿನ ಗೋಡೆಯಲ್ಲಿ, ನನ್ನ ಸೊಂಟಕ್ಕಿಂತ ಸ್ವಲ್ಪ ಕೆಳಗೆ, ಬಣ್ಣ ಮಾಸಿ ಎಣ್ಣೆಗಪ್ಪಾಗಿತ್ತು. ನಾಲ್ಕು ಬೆರಳಿನ ಅಗಲ. ಅಮ್ಮ ದಿನಾ ಕೈ ಊರುವ ಜಾಗ ಅದು. ಎಷ್ಟು ತಿಂಗಳಿಂದ ಆಸರೆ ಹುಡುಕುತ್ತಿದ್ದಳೋ! ಅಂಥ ಕಲೆ ಇನ್ನೆಲ್ಲಿ ಇದೆ ಅಂತ ಮನೆಯೆಲ್ಲ ಹುಡುಕಿದೆ. ಬಾಗಿಲ ಚೌಕಟ್ಟಿನ ಬಲಗಡೆ ಒಂದು, ಬೀರುವಿನ ಅಂಚಲ್ಲಿ ಒಂದು. ಕಮೋಡ್ ಪಕ್ಕದ ಟವೆಲ್ ರಾಡ್ ಒಂದು ತುದಿಯಲ್ಲಿ ಕೆಳಕ್ಕೆ ಜಗ್ಗಿತ್ತು, ಅದರ ಸ್ಕ್ರೂ ಅರ್ಧ ಹೊರಗೆ ಬಂದಿತ್ತು. ಅವಳು ಏಳುವಾಗ ಹಿಡಿಯುತ್ತಿದ್ದದ್ದು ಅದನ್ನೇ.

ಕಾಲೊರಸು ತೆಗೆದೆ. ವೈರನ್ನು ಗೋಡೆಗೆ ಕ್ಲಿಪ್ ಹಾಕಿದೆ. ಹೊಸ್ತಿಲಿಗೆ ಎರಡೂ ಕಡೆ ಸಣ್ಣ ಇಳಿಜಾರು ಪಟ್ಟಿ. ಮೂರೂ ಸೇರಿ ಒಂದು ಮಧ್ಯಾಹ್ನದ ಕೆಲಸ.

ವಾರ 2: ಅಳತೆ

ಅಳತೆ ಇಲ್ಲದಿದ್ದರೆ ಮುಂದೆ ಹೋಗ್ತಿದ್ದೀವಾ ಹಿಂದೆ ಹೋಗ್ತಿದ್ದೀವಾ ಗೊತ್ತಾಗಲ್ಲ. ಫಿಸಿಯೋಥೆರಪಿಸ್ಟ್ ಮನೆಗೆ ಬಂದು ಮೂರು ಪರೀಕ್ಷೆ ಮಾಡಿ ತೋರಿಸಿದರು. ಮೂರಕ್ಕೂ ಬೇಕಾಗಿದ್ದು ಒಂದು ಕುರ್ಚಿ, ಒಂದು ಗಡಿಯಾರ, ಪಕ್ಕದಲ್ಲಿ ಹಿಡಿಯಲು ಒಬ್ಬರು.

ಒಂದು, ಕುರ್ಚಿಯಿಂದ ಎದ್ದು ಮೂರು ಮೀಟರ್ ನಡೆದು, ತಿರುಗಿ ಬಂದು ಕೂರುವುದು. 12 ಸೆಕೆಂಡ್ ಅಥವಾ ಜಾಸ್ತಿ ಬೇಕಾದರೆ ಬೀಳುವ ಅಪಾಯ ಇದೆ ಅಂತ ಲೆಕ್ಕ. ಅಮ್ಮನಿಗೆ 17 ಆಯಿತು.

ಎರಡು, ಕೈಗಳನ್ನು ಎದೆಗೆ ಅಡ್ಡ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತಾರೆ ಅನ್ನುವುದು. 75ರಿಂದ 79 ವಯಸ್ಸಿನ ಹೆಂಗಸರಿಗೆ ಹತ್ತಕ್ಕಿಂತ ಕಡಿಮೆ ಆದರೆ ಕಾಲಿನ ಶಕ್ತಿ ಸಾಲದು ಅಂತ. ಅಮ್ಮನದು 7.

ಮೂರು, ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿ 10 ಸೆಕೆಂಡ್ ನಿಲ್ಲುವುದು. ನಾಲ್ಕನೇ ಸೆಕೆಂಡಿಗೆ ನನ್ನ ತೋಳು ಹಿಡಿದಳು.

ಅದೇ ವಾರ ಡಾಕ್ಟರ್ ಹತ್ತಿರ ಹೋಗಿದ್ದು ಒಳ್ಳೆಯದಾಯಿತು. ಐದು ನಿಮಿಷ ಮಲಗಿಸಿ ಬಿಪಿ ನೋಡಿದರು, ಮೇಲಿನ ಸಂಖ್ಯೆ 142. ನಿಲ್ಲಿಸಿ ಒಂದು ನಿಮಿಷಕ್ಕೆ ನೋಡಿದರೆ 118. ನಿಂತ ಮೂರು ನಿಮಿಷದೊಳಗೆ ಮೇಲಿನ ಸಂಖ್ಯೆ 20 ಅಥವಾ ಕೆಳಗಿನದು 10 ಇಳಿದರೂ ಅದನ್ನು ಗಮನಿಸಲೇಬೇಕಂತೆ. ರಾತ್ರಿ ದಡಕ್ಕನೆ ಎದ್ದಾಗ ತಲೆ ಸುತ್ತು ಬರುತ್ತಿದ್ದದ್ದು ಇದಕ್ಕೇ. ಡಾಕ್ಟರ್ ಎಲ್ಲ ಮಾತ್ರೆಗಳ ಪಟ್ಟಿ ತರಿಸಿ, ಒಂದರ ಡೋಸ್ ಇಳಿಸಿ, ನಿದ್ದೆ ಮಾತ್ರೆಯನ್ನು ಸ್ವಲ್ಪ ಸ್ವಲ್ಪವಾಗಿ ಬಿಡಿಸೋಣ ಅಂದರು. ಯಾರೂ ಇದನ್ನು ತಾವಾಗಿ ಮಾಡಬೇಡಿ. ಬಿಪಿ ಮಾತ್ರೆ ಆಗಲಿ ನಿದ್ದೆ ಮಾತ್ರೆ ಆಗಲಿ, ಕೇಳದೆ ನಿಲ್ಲಿಸಿದರೆ ಬೇರೆ ತೊಂದರೆ ಶುರುವಾಗುತ್ತದೆ. ಈಗ ಅಮ್ಮ ಏಳುವ ಮುಂಚೆ ಮಂಚದ ಅಂಚಲ್ಲಿ ಕೂತು ಪಾದಗಳನ್ನು ಮೇಲೆ ಕೆಳಗೆ ಇಪ್ಪತ್ತು ಸಲ ಆಡಿಸುತ್ತಾಳೆ. ಆಮೇಲೆ ಏಳುತ್ತಾಳೆ.

ವಾರ 3: ಹಿಡಿಗಂಬಿ

ಈ ಇಡೀ ಯೋಜನೆಯಲ್ಲಿ ನಾನು ಜಾಸ್ತಿ ಹೊತ್ತು ಕೊಟ್ಟಿದ್ದು ಇದಕ್ಕೆ. ಅಂಗವಿಕಲರ ಅನುಕೂಲಕ್ಕೆ ಅಮೆರಿಕ ಮಾಡಿದ ಎಡಿಎ ಕಾನೂನಿನ ಮಾನದಂಡದ ಪ್ರಕಾರ ಬಚ್ಚಲ ಹಿಡಿಗಂಬಿ ನೆಲದಿಂದ 33ರಿಂದ 36 ಇಂಚು ಎತ್ತರ ಇರಬೇಕು. ದುಂಡಗಿನ ಗಂಬಿಯ ದಪ್ಪ 32ರಿಂದ 51 ಮಿಲಿಮೀಟರ್. ಗೋಡೆಗೂ ಗಂಬಿಗೂ ನಡುವೆ 38 ಮಿಲಿಮೀಟರ್. ಆ ಸಂದು ಅದಕ್ಕಿಂತ ಜಾಸ್ತಿ ಆದರೆ ಕೈ ಜಾರಿದಾಗ ತೋಳು ಒಳಗೆ ಸಿಕ್ಕಿಕೊಳ್ಳುತ್ತದೆ, ಕಡಿಮೆ ಆದರೆ ಬೆರಳು ಸುತ್ತಲೂ ಮುಚ್ಚಲ್ಲ. ಗಂಬಿ 250 ಪೌಂಡ್, ಅಂದರೆ ಸುಮಾರು 113 ಕೆಜಿ ಭಾರ ತಡೆಯಬೇಕು.

ಅಮ್ಮ ಗಿಡ್ಡ. 33 ಇಂಚಿಗೆ ಗಂಬಿ ಹಿಡಿದು ತೋರಿಸಿದರೆ ಅವಳ ಭುಜ ಮೇಲೇರಿತು. ಅವಳನ್ನು ಕಮೋಡ್ ಮೇಲೆ ಕೂರಿಸಿ, ಕಣ್ಣು ಮುಚ್ಚಿಸಿ "ಏಳೋ ಹಾಗೆ ಕೈ ಹಾಕು" ಅಂದೆ. ಕೈ ಬಿದ್ದ ಕಡೆ ಚಾಕ್‌ಪೀಸಿನಲ್ಲಿ ಗುರುತು ಮಾಡಿದೆ. ಐದು ಸಲ ಮಾಡಿಸಿದೆ, ಐದೂ ಗುರುತು ಒಂದು ಅಂಗೈಯೊಳಗೆ ಬಿದ್ದವು. 30 ಇಂಚು. ಸಾರ್ವಜನಿಕ ಜಾಗದ ಅಳತೆ ಎಲ್ಲರಿಗೂ ಹೊಂದಬೇಕು. ಈ ಬಚ್ಚಲು ಅವಳದು, ಅವಳ ಕೈ ಹೇಳಿದ್ದೇ ಅಳತೆ.

ಟೈಲ್ಸ್ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ ತೂತಿನ ಗುರುತು ಹಾಕಿದೆ. ಡ್ರಿಲ್ಲಿನ ಹ್ಯಾಮರ್ ಆಫ್ ಮಾಡಿ, ಟೈಲ್ಸ್ ಬಿಟ್ ಹಾಕಿ, ನಿಧಾನ ಸ್ಪೀಡಿನಲ್ಲಿ ಟೈಲ್ಸ್ ದಾಟುವ ತನಕ ಹೋದೆ. ಇಟ್ಟಿಗೆ ಸಿಕ್ಕಿದ ಮೇಲೆ ಬಿಟ್ ಬದಲಾಯಿಸಿ ಹ್ಯಾಮರ್. ನೀರಿನ ಪೈಪ್ ಎಲ್ಲಿ ಹೋಗಿದೆ ಅಂತ ಪ್ಲಂಬರ್‌ನ ಕೇಳಿಕೊಂಡೇ ಶುರು ಮಾಡಿದ್ದು. ಕೊನೆಗೆ ನಾನೇ ಎರಡೂ ಕೈಯಲ್ಲಿ ಹಿಡಿದು ಪೂರ್ತಿ ಮೈಭಾರ ಬಿಟ್ಟು ಜೋತುಬಿದ್ದೆ. ಅಲುಗಾಡಲಿಲ್ಲ.

ಗಾಳಿ ಎಳೆದು ಅಂಟಿಕೊಳ್ಳುವ, ಸ್ಕ್ರೂ ಬೇಡದ ಹಿಡಿಗಳೂ ಸಿಗುತ್ತವೆ. ಮೈಭಾರ ಹಾಕಲು ಅದನ್ನು ನಂಬಬೇಡಿ. ಯಾವತ್ತು ಕಳಚಿ ಬರುತ್ತದೆ ಅಂತ ಮುಂಚೆ ಗೊತ್ತಾಗಲ್ಲ.

ಗೋಡೆಯ ಕಲೆ ಇದ್ದ ಜಾಗದಲ್ಲೂ ಒಂದು ಉದ್ದ ಗಂಬಿ ಬಂತು. ಟವೆಲ್ ರಾಡ್ ಕಿತ್ತು ಬೇರೆ ಗೋಡೆಗೆ ಹಾಕಿದೆ. ಕೈಗೆ ಸಿಕ್ಕರೆ ತಾನೇ ಹಿಡಿಯೋದು, ಅಲ್ವಾ?

ವಾರ 4: ಬೆಳಕು, ಕನ್ನಡಕ, ಚಪ್ಪಲಿ

ಅರವತ್ತರ ಕಣ್ಣಿನ ಒಳಪದರಕ್ಕೆ ತಲುಪುವ ಬೆಳಕು ಇಪ್ಪತ್ತರ ಕಣ್ಣಿಗೆ ಹೋಲಿಸಿದರೆ ಸುಮಾರು ಮೂರನೇ ಒಂದು ಭಾಗ ಮಾತ್ರ. ಪಾಪೆ ಕಿರಿದಾಗುತ್ತದೆ, ಒಳಗಿನ ಮಸೂರ ಹಳದಿ ತಿರುಗುತ್ತದೆ. ನನಗೆ ಸಾಕು ಅನಿಸಿದ ದೀಪ ಅವಳಿಗೆ ಮಬ್ಬು. ಮಂಚದ ಕೆಳಗೆ ಮತ್ತು ದಾರಿಯುದ್ದಕ್ಕೂ, ಮೊಣಕಾಲಿಗಿಂತ ಕೆಳಗೆ, ಓಡಾಟಕ್ಕೆ ತಾನಾಗಿ ಹತ್ತುವ ನಾಲ್ಕು ಸಣ್ಣ ದೀಪ ಹಾಕಿದೆ. ಕಣ್ಣಿಗೆ ಹೊಡೆಯಲ್ಲ, ನೆಲ ಮಾತ್ರ ಕಾಣುತ್ತದೆ. ಬಿಳಿ ಗೋಡೆಯ ಮೇಲಿನ ಬಿಳಿ ಗಂಬಿಗೆ ಕಡುನೀಲಿ ಟೇಪ್ ಸುತ್ತಿದೆ.

ಅಮ್ಮನ ಕನ್ನಡಕ ಪ್ರೋಗ್ರೆಸ್ಸಿವ್. ಕೆಳಗಿನ ಭಾಗ ಓದುವುದಕ್ಕೆ. ಮೆಟ್ಟಿಲು ಇಳಿಯುವಾಗ ಅದೇ ಭಾಗದಿಂದ ನೋಡುವುದರಿಂದ ಮೆಟ್ಟಿಲಿನ ಅಂಚು ಮಸುಕಾಗುತ್ತದೆ. ಹೊರಗೆ ಓಡಾಡಲು ದೂರದ ಪವರ್ ಮಾತ್ರ ಇರುವ ಇನ್ನೊಂದು ಕನ್ನಡಕ ಮಾಡಿಸಿದೆವು.

ಹಿಮ್ಮಡಿ ಹಿಡಿಯದ ಸಡಿಲ ಚಪ್ಪಲಿ ಹೋಯಿತು. ಟೈಲ್ಸ್ ಮೇಲೆ ಬರೀ ಸಾಕ್ಸ್ ಅಂತೂ ಬೇಡವೇ ಬೇಡ. ಹಿಂದೆ ಮುಚ್ಚಿದ, ತೆಳು ಗಟ್ಟಿ ಅಟ್ಟೆಯ ಶೂ ಬಂತು.

ವಾರ 5 ಮತ್ತು 6: ಹಿಂದೆ ಹೋದ ವಾರಗಳು

ಮನೆ ಚೆನ್ನಾಗಿ ಸಜ್ಜಾಯಿತು. ಅಮ್ಮ ಬೀಳಲಿಲ್ಲ. ಆರನೇ ವಾರ ಕುರ್ಚಿ ಪರೀಕ್ಷೆ ಮಾಡಿದರೆ 6. ಏಳರಿಂದ ಆರಕ್ಕೆ ಇಳಿದಿತ್ತು.

ಯಾಕೆ ಅಂತ ಒಂದು ದಿನ ಸುಮ್ನೆ ಕೂತು ನನ್ನ ಮಾತನ್ನೇ ಗಮನಿಸಿದೆ. "ನೀನು ಕೂತ್ಕೋ, ನಾನು ತರ್ತೀನಿ." "ಬೇಡಮ್ಮ, ನಾನು ಮಾಡ್ತೀನಿ." ಮಧ್ಯಾಹ್ನದೊಳಗೆ ಒಂಬತ್ತು ಸಲ ಹೇಳಿದ್ದೆ. ಒಂಬತ್ತು ಸಲ ಅವಳು ಎದ್ದು ಕೂರುವುದು ತಪ್ಪಿತ್ತು. ಬಟ್ಟೆ ಮಡಿಸುವುದು, ಗಿಡಕ್ಕೆ ನೀರು ಹಾಕುವುದು, ಬಾಗಿಲು ತೆಗೆಯುವುದು, ಎಲ್ಲವನ್ನೂ ಪ್ರೀತಿಯಿಂದಲೇ ಕಿತ್ತುಕೊಂಡಿದ್ದೆ. ಮೊದಲ ವಾರ ಅವಳು ಹೇಳಿದ ಮಾತು ಆಗ ಅರ್ಥವಾಯಿತು. ಬೀಳುವ ಹೆದರಿಕೆಗೆ ಓಡಾಟ ಕಡಿಮೆ ಮಾಡಿದರೆ ಕಾಲಿನ ಸ್ನಾಯು ಕರಗುತ್ತದೆ, ಸಮತೋಲನ ಕೆಡುತ್ತದೆ, ಬೀಳುವುದು ಇನ್ನೂ ಹತ್ತಿರ ಆಗುತ್ತದೆ. ಹೆದರಿಕೆ ಅವಳದಾಗಿರಲಿಲ್ಲ, ನನ್ನದು.

ಅವತ್ತೇ ಗಿಡದ ತಂಬಿಗೆ ಅವಳ ಕೈಗೆ ವಾಪಸ್ ಕೊಟ್ಟೆ. ತುಂಬಾ ಭಾರ ಆಗದಿರಲಿ ಅಂತ ಅರ್ಧ ನೀರು. ಎರಡು ಸಲ ಹೋಗಿಬಂದಳು.

ವಾರ 7 ಮತ್ತು 8: ವ್ಯಾಯಾಮ

ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ 65 ದಾಟಿದವರಿಗೆ ವಾರಕ್ಕೆ ಮೂರು ದಿನವಾದರೂ ಸಮತೋಲನ ಮತ್ತು ಶಕ್ತಿಯ ವ್ಯಾಯಾಮ ಬೇಕು ಅಂತ ಹೇಳಿದೆ. ನಮ್ಮ ಫಿಸಿಯೋಥೆರಪಿಸ್ಟ್ ಕೊಟ್ಟಿದ್ದು ನ್ಯೂಜಿಲೆಂಡಿನ ಒಟಾಗೋ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ, ಮನೆಯಲ್ಲೇ ಮಾಡುವ ವ್ಯಾಯಾಮಗಳಿಂದ ಆರಿಸಿದ್ದು. ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಕಾಲನ್ನು ಪಕ್ಕಕ್ಕೆ ಚಾಚುವುದು, ಒಂದರ ಹಿಂದೊಂದು ಪಾದ ಇಟ್ಟು ನಡೆಯುವುದು, ಕುರ್ಚಿಯಿಂದ ಏಳುವುದು.

ಏಳುವ ರೀತಿ ಕಲಿಸಿದ್ದು ನನಗೆ ತುಂಬಾ ಇಷ್ಟವಾಯಿತು. ಅಮ್ಮ ಇಷ್ಟು ದಿನ ಬೆನ್ನು ನೆಟ್ಟಗಿಟ್ಟು, ಪಾದ ಮುಂದೆ ಚಾಚಿ, ಕೈಯಲ್ಲೇ ಮೈ ಎತ್ತುತ್ತಿದ್ದಳು. ಅರ್ಧ ಎದ್ದು ಧೊಪ್ಪನೆ ಹಿಂದಕ್ಕೆ ಕೂರುತ್ತಿದ್ದಳು. ಈಗ ಮೊದಲು ಕುರ್ಚಿಯ ಅಂಚಿಗೆ ಜರುಗುತ್ತಾಳೆ. ಪಾದವನ್ನು ಮೊಣಕಾಲಿಗಿಂತ ಹಿಂದಕ್ಕೆ ಎಳೆದುಕೊಳ್ಳುತ್ತಾಳೆ. ಮೂಗು ಕಾಲ್ಬೆರಳಿನ ನೇರಕ್ಕೆ ಬರುವ ತನಕ ಬಾಗುತ್ತಾಳೆ. ಆಗ ಮೈಭಾರ ತಾನಾಗಿ ಪಾದಕ್ಕೆ ಬರುತ್ತದೆ, ಸೊಂಟ ಹಗುರಾಗಿ ಮೇಲೇಳುತ್ತದೆ. ಮೊದಲ ಸಲ ಕೈ ಊರದೆ ಎದ್ದಾಗ ಕೆಳಗೆ ನೋಡಿ, ಇನ್ನೊಮ್ಮೆ ಕೂತು, ಇನ್ನೊಮ್ಮೆ ಎದ್ದಳು. ಸಂಜೆ ಅಕ್ಕನಿಗೆ ವಿಡಿಯೋ ಕಾಲ್ ಮಾಡಿಸಿ ಅದನ್ನೇ ತೋರಿಸಿದಳು.

ವಾರ 9: ಕೋಲು

ತಂದ ಕೋಲು ಬೇಕಾದ್ದಕ್ಕಿಂತ ಮೂರು ಸೆಂಟಿಮೀಟರ್ ಜಾಸ್ತಿ ಉದ್ದ ಇತ್ತು. ಶೂ ಹಾಕಿ ನಿಂತು, ಕೈ ಸಡಿಲ ಬಿಟ್ಟಾಗ ಮಣಿಕಟ್ಟಿನ ಗೆರೆಗೆ ಹಿಡಿ ಬರಬೇಕು. ಕತ್ತರಿಸಿ ರಬ್ಬರ್ ಬುಡ ಮತ್ತೆ ಹಾಕಿದೆ. ನೋವಿರುವುದು ಬಲ ಮೊಣಕಾಲು, ಆದ್ದರಿಂದ ಕೋಲು ಎಡಗೈಯಲ್ಲಿ. ಅಮ್ಮ ಮೊದಲು ಒಪ್ಪಲಿಲ್ಲ. ಎರಡೂ ಕಡೆ ಹಿಡಿದು ನಡೆದು ನೋಡಿ, "ಎಡಗಡೆನೇ ಹಗುರ" ಅಂದಳು. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಇದನ್ನು ಒಂದು ವಾರ ಜೊತೆಗೆ ನಿಂತು ಹೇಳಿಸಿದೆ.

ವಾರ 10: ನೆಲದಿಂದ ಏಳುವುದು

ಬಿದ್ದಮೇಲೆ ಏಳಲಾಗದೆ ಗಂಟೆಗಟ್ಟಲೆ ನೆಲದ ಮೇಲೇ ಇದ್ದರೆ ಅದೇ ಒಂದು ಅಪಾಯ. ಚರ್ಮ ಹುಣ್ಣಾಗುತ್ತದೆ, ಮೈ ನೀರು ಆರುತ್ತದೆ, ಒತ್ತಡಕ್ಕೆ ಸ್ನಾಯು ಹಾಳಾಗುತ್ತದೆ. ದಪ್ಪ ಹಾಸಿಗೆ ನೆಲಕ್ಕೆ ಹಾಕಿ, ಫಿಸಿಯೋಥೆರಪಿಸ್ಟ್ ಎದುರಿಗೇ ಅಭ್ಯಾಸ ಮಾಡಿದೆವು. ಮೊದಲು ಸುಮ್ಮನೆ ಮಲಗಿ ಎಲ್ಲಿ ನೋವಿದೆ ಅಂತ ನೋಡಿಕೊಳ್ಳುವುದು. ಜೋರು ನೋವಿದ್ದರೆ ಅಲುಗಾಡದೆ ಕರೆಯುವುದು. ಇಲ್ಲದಿದ್ದರೆ ಮಗ್ಗುಲಾಗಿ, ಮಂಡಿ ಕೈ ಊರಿ, ಹತ್ತಿರದ ಕುರ್ಚಿ ತನಕ ತೆವಳಿ, ಕುರ್ಚಿ ಮೇಲೆ ಕೈ ಇಟ್ಟು, ಗಟ್ಟಿ ಕಾಲನ್ನು ಮುಂದಿಟ್ಟು ಎದ್ದು, ತಿರುಗಿ ಕೂರುವುದು. ಮಂಡಿ ಕೆಳಗೆ ದಿಂಬು ಇಟ್ಟೆವು. ಮೂರನೇ ಸಲಕ್ಕೆ ಸಹಾಯ ಬೇಡ ಅಂದಳು.

ಫೋನ್ ಈಗ ಕೊರಳ ದಾರದ ಚೀಲದಲ್ಲಿ ಇರುತ್ತದೆ. ಬಚ್ಚಲಿಗೆ ಹೋಗುವಾಗಲೂ.

ವಾರ 11: ಮರು ಅಳತೆ

ಮೂರು ಮೀಟರ್ ನಡಿಗೆ: 13 ಸೆಕೆಂಡ್. ಇನ್ನೂ 12ಕ್ಕಿಂತ ಕೆಳಗೆ ಇಳಿದಿಲ್ಲ.
ಕುರ್ಚಿ: 10.
ಹಿಮ್ಮಡಿಗೆ ಬೆರಳು ತಾಗಿಸಿ ನಿಲ್ಲುವುದು: 8 ಸೆಕೆಂಡ್.
ನಿಂತಾಗ ಬಿಪಿಯ ಮೇಲಿನ ಸಂಖ್ಯೆಯ ಇಳಿಕೆ: 10.

ಬಚ್ಚಲ ತಿರುವಿನ ಗೋಡೆಗೆ ಹೊಸ ಬಣ್ಣ ಹೊಡೆದು ಎರಡು ವಾರ ಆಯಿತು. ನಿನ್ನೆ ಟಾರ್ಚ್ ಹಿಡಿದು ನೋಡಿದೆ. ಕಲೆ ಇಲ್ಲ, ಗಂಬಿಯ ಮೇಲಿನ ನೀಲಿ ಟೇಪ್ ಒಂದು ಕಡೆ ನುಣುಪಾಗಿದೆ.

ಮುಂದಿನ ಕೆಲಸ ಹಿತ್ತಲ ಬಾಗಿಲಿನ ಮೂರು ಮೆಟ್ಟಿಲು. ಈಗ ಹತ್ತುವಾಗ ಬಲಗಡೆ ಮಾತ್ರ ಹಿಡಿಗಂಬಿ ಇದೆ. ಇಳಿಯುವಾಗ ಅದು ಎಡಕ್ಕೆ ಬರುತ್ತದೆ, ಕೋಲಿನ ಕೈ ಕಡೆಗೆ. ಎರಡೂ ಕಡೆ ಬೇಕು. ಮೆಟ್ಟಿಲಿನ ಅಂಚಿಗೆ ಹಳದಿ ಪಟ್ಟಿಯೂ ಹಾಕಬೇಕು. ಇಳಿಜಾರು ಮಾಡೋಣ ಅಂತ ಲೆಕ್ಕ ಹಾಕಿದೆ. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು, ಹಿತ್ತಲಲ್ಲಿ ಅಷ್ಟು ಜಾಗ ಇಲ್ಲ. ಅಮ್ಮನ ಕೇಳಿದೆ. "ಮೆಟ್ಟಿಲೇ ಇರಲಿ, ಕಾಲಿಗೆ ಕೆಲಸ ಬೇಡ್ವಾ" ಅಂದಳು. ಮೆಟ್ಟಿಲೇ ಇರುತ್ತದೆ. ಶನಿವಾರ ಚಾಕ್‌ಪೀಸ್ ಹಿಡಿದು ಅವಳ ಕೈ ಎಲ್ಲಿ ಬೀಳುತ್ತದೆ ಅಂತ ಗುರುತು ಮಾಡಬೇಕು.