ಹಿಂದಿನವರನ್ನೂ ಒಂದು ಮಾತು ಕೇಳಿ
ವರಮಹಾಲಕ್ಷ್ಮಿ ಹಬ್ಬಕ್ಕೆ ಮುಂಚಿನ ಗುರುವಾರ ಸಂಜೆ. ಮೈಸೂರಿನ ಕುವೆಂಪುನಗರದ ಸೂಪರ್ ಮಾರ್ಕೆಟ್ಟಿನಲ್ಲಿ ಬಿಲ್ ಹಾಕಿಸುವ ಸಾಲು ಬೇಳೆ ಜೋಡಿಸಿಟ್ಟ ಕಡೆಯವರೆಗೂ ಬಂದಿತ್ತು. ಯಾರ ಬುಟ್ಟಿ ನೋಡಿದರೂ ಕಡ್ಲೆಬೇಳೆ, ಬೆಲ್ಲ, ತೆಂಗಿನಕಾಯಿ. ಮನೆಗೆ ಹೋಗಿ ಹೂರಣಕ್ಕೆ ಬೇಳೆ ಬೇಯಿಸಬೇಕು, ಕಳಶಕ್ಕೆ ಅಣಿ ಮಾಡಬೇಕು. ಅವಸರ ಯಾರಿಗಿಲ್ಲ?

ಹಿಂದಿನಿಂದ ಬಂದ ಹುಡುಗನೊಬ್ಬ ನನ್ನ ಮುಂದಿದ್ದ ಹೆಂಗಸಿಗೆ ಕರ್ಪೂರದ ಪೊಟ್ಟಣ ತೋರಿಸಿ, 'ಆಂಟಿ, ಇದೊಂದೇ, ಹೋಗ್ಲಾ?' ಅಂದ. ಅವರ ಗಾಡಿ ತುಂಬಿತ್ತು. ಸಾಮಾನ್ಯವಾಗಿ ನಾವೆಲ್ಲ 'ಹೋಗಪ್ಪ' ಅಂತೀವಿ, ಅಲ್ವಾ? ಅವರು ಮಾತ್ರ ನಮ್ಮ ಕಡೆ ತಿರುಗಿ, 'ಒಂದೇ ಐಟಮ್ಮಂತೆ, ಬಿಡೋಣ್ವಾ?' ಅಂತ ಕೇಳಿದರು.

ನನಗೆ ಅದು ತುಂಬಾ ಹಿಡಿಸಿತು. ಒಬ್ಬರನ್ನು ಮುಂದೆ ಬಿಟ್ಟಾಗ ನಮ್ಮ ಸಮಯದ ಜೊತೆ ಹಿಂದೆ ನಿಂತವರ ಸಮಯವನ್ನೂ ಕೊಟ್ಟಿರುತ್ತೇವೆ. ಅದನ್ನು ಅವರನ್ನೇ ಕೇಳಿ ಕೊಡಬೇಕು.

ಕೇಳಿದ್ದಕ್ಕೇ ಇನ್ನೊಂದು ವಿಷಯ ಗೊತ್ತಾಯಿತು. ಸಾಲಿನ ಕೊನೆಯಲ್ಲಿದ್ದ ಅಜ್ಜ ಮೆಲ್ಲಗೆ, 'ನಂದೂ ಬರೀ ಅರ್ಧ ಕೆಜಿ ಸಕ್ಕರೆ' ಅಂದರು. ಒಂದು ಕೈ ಗೋಡೆಗೆ ಊರಿಕೊಂಡು ಅಷ್ಟು ಹೊತ್ತೂ ಸುಮ್ನೆ ನಿಂತಿದ್ದರು. ಕೇಳುವ ಧೈರ್ಯ ಇದ್ದವರಿಗಷ್ಟೇ ದಾರಿ ಸಿಗುತ್ತಿತ್ತು ನೋಡಿ. ಹುಡುಗನೇ ಅವರ ಕೈಹಿಡಿದು ಮುಂದೆ ಕರೆದುಕೊಂಡು ಹೋದ.

ಅಜ್ಜ ಚೀಲದಿಂದ ಒಂದೊಂದೇ ನಾಣ್ಯ ತೆಗೆದು ಎಣಿಸತೊಡಗಿದರು. ಹಿಂದೆ ಯಾರೋ, 'ಫೋನ್‌ಪೇ ಮಾಡಬಾರದಾ' ಅಂತ ಗೊಣಗಿದರು. ಯುಪಿಐ ಬಂದದ್ದೇ 2016ರಲ್ಲಿ. ಆಯಸ್ಸೆಲ್ಲ ರೊಕ್ಕ ಎಣಿಸಿಯೇ ವ್ಯವಹಾರ ಮಾಡಿದವರಿಗೆ ಅಷ್ಟೂ ಹೊತ್ತು ಕೊಡಬಾರದೇ? ನೆಟ್‌ವರ್ಕ್ ಸಿಗದೆ ಫೋನ್ ಮೇಲೆತ್ತಿ ಹಿಡಿದು ನಿಲ್ಲುವ ನಮ್ಮನ್ನೂ ಜನ ಕಾಯುತ್ತಾರಲ್ಲ.

'ನಿಧಾನಕ್ಕೆ ತೆಗೀರಿ ತಾತ' ಅಂದಳು ಬಿಲ್ ಹಾಕುವ ಹುಡುಗಿ. ಒಬ್ಬರು ತೂಕದ ಚೀಟಿ ಅಂಟಿಸದೆ ಎಲೆಕೋಸು ತಂದಿದ್ದರು, ಅವರ ಮೇಲೂ ಅವಳು ರೇಗಲಿಲ್ಲ. ಆದರೆ ಮಾತಿನ ಮಧ್ಯೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಲೇ ಇದ್ದಳು. ಕೂರಲು ಕುರ್ಚಿ ಇರಲಿಲ್ಲ. ಅಂಗಡಿ ಕೆಲಸಗಾರರಿಗೆ ಕೂರಲು ಅವಕಾಶ ಇರಬೇಕು ಅಂತ ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನನ್ನೇ ತಿದ್ದಿವೆ. ನಮ್ಮ ಸಾಲು ಅರ್ಧ ಗಂಟೆಯದು, ಅವಳದು ಇಡೀ ದಿನದ್ದು.

ಹೊರಡುವಾಗ ಮ್ಯಾನೇಜರ್ ಹತ್ತಿರ ಹೋಗಿ, ಅವಳಿಗೊಂದು ಕುರ್ಚಿ, ಸಾಲಿನ ಪಕ್ಕ ವಯಸ್ಸಾದವರಿಗೆ ಒಂದು ಬೆಂಚು ಹಾಕಿಸಿ ಅಂದೆ. 'ನೋಡ್ತೀನಿ ಮೇಡಂ' ಅಂದರು. ಗೌರಿ ಹಬ್ಬದ ಸಾಮಾನಿಗೆ ಹೋದಾಗ ಮತ್ತೆ ಕೇಳುತ್ತೇನೆ.