ತವರದ ಸೀಮೆಯ ಗಣಿಮಕ್ಕಳು

ಕ್ಯಾಂಬೋರ್ನ್ ನೋಡಲು ಚೆಂದದ ಊರಲ್ಲ. ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್‌ಗೆ ಪ್ರವಾಸವೆಂದು ಹೊರಟವರು ಸೇಂಟ್ ಐವ್ಸ್‌ನ ಕಡಲ ದಂಡೆಗೆ ಹೋಗುತ್ತಾರೆ, ಐಸ್‌ಕ್ರೀಂ ಕೊಳ್ಳುತ್ತಾರೆ, ಅದರಲ್ಲಿ ಅರ್ಧವನ್ನು ಕಡಲಹಕ್ಕಿಗಳಿಗೆ ಕಳೆದುಕೊಂಡು ನಗುತ್ತಾ ಹಿಂದಿರುಗುತ್ತಾರೆ. ಒಳಗಿನ ಈ ಗಣಿಯೂರು ಅವರ ಲೆಕ್ಕದಲ್ಲೇ ಇರುವುದಿಲ್ಲ. ಬೂದುಬಣ್ಣದ ಕಲ್ಲಿನ ಮನೆಗಳ ಸಾಲು, ನಡುನಡುವೆ ಬಾಗಿಲು ಮುಚ್ಚಿದ ಅಂಗಡಿಗಳು, ಬೆನ್ನಿಗೆ ಕಾರ್ನ್ ಬ್ರೇ ಗುಡ್ಡ, ಎತ್ತ ತಿರುಗಿದರೂ ಗಣಿಯ ಉಗಿಯಂತ್ರಗಳಿದ್ದ, ಈಗ ಸೂರು ಕಳೆದುಕೊಂಡ ಎಂಜಿನ್ ಮನೆಗಳು ಮತ್ತು ಅವುಗಳ ಒಂಟಿ ಚಿಮಣಿಗಳು. ಇಲ್ಲಿಗೇ ಹೋಗಬೇಕೆಂದು ನಾನು ಹಟ ಹಿಡಿದದ್ದಕ್ಕೆ ಒಂದೇ ಕಾರಣ: ನಾನು ಕೆಜಿಎಫ್‌ನವನು.

ಕೋಲಾರದ ಚಿನ್ನದ ಗಣಿಗಳನ್ನು 1880ರ ದಶಕದಿಂದ ನಡೆಸಿದ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಗೆ ಆಳದ ಕೆಲಸ ಬಲ್ಲವರು ಬೇಕಾದಾಗ ಅವರು ಸಿಕ್ಕಿದ್ದು ಕಾರ್ನ್‌ವಾಲ್‌ನಲ್ಲಿ. ತವರ ಮತ್ತು ತಾಮ್ರದ ಗಣಿಗಳಲ್ಲಿ ತಲೆಮಾರುಗಳಿಂದ ಪಳಗಿದವರು ಅವರು. ಬೆಲೆ ಕುಸಿದು ಒಂದೊಂದೇ ಗಣಿ ಮುಚ್ಚಿದಂತೆ ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾ, ಮೆಕ್ಸಿಕೊ, ಮೈಸೂರು ಸಂಸ್ಥಾನ ಎಂದು ಚದುರಿಹೋದರು. ಅವರು ಬಿಟ್ಟುಹೋದ ಬಂಗಲೆಗಳ ಕಾಂಪೌಂಡಿನಾಚೆ, ಚಿನ್ನ ತೆಗೆದ ಮೇಲೆ ಉಳಿದ ಸಯನೈಡ್ ಮರಳಿನ ದಿಬ್ಬಗಳ ಬುಡದಲ್ಲಿ ನಾನು ಗೋಲಿಯಾಡಿ ಬೆಳೆದೆ. ದೊರೆಗಳ ಮನೆಯ ಕಡೆ ಹೇಗಿದ್ದೀತು ಎಂಬ ಕುತೂಹಲ ಆಗಿನದು. ಈಗ ಅಣ್ಣನ ಮಗಳು ಕ್ಯಾಂಬೋರ್ನ್ ಸ್ಕೂಲ್ ಆಫ್ ಮೈನ್ಸ್‌ನಲ್ಲಿ ಓದುತ್ತಿರುವುದು ಒಳ್ಳೆಯ ನೆಪವಾಯಿತು. 1888ರಲ್ಲಿ ಶುರುವಾದ ಆ ಶಾಲೆ ಹೆಸರಿನಲ್ಲಿ ಕ್ಯಾಂಬೋರ್ನ್ ಉಳಿಸಿಕೊಂಡು 2004ರಲ್ಲಿ ಪೆನ್‌ರಿನ್‌ಗೆ ಹೊರಟುಹೋಗಿದೆ. ಊರಿನ ಹಳಬರಿಗೆ ಆ ಸಿಟ್ಟು ಇನ್ನೂ ಆರಿಲ್ಲ.

ಲಂಡನ್ನಿನ ಪ್ಯಾಡಿಂಗ್ಟನ್‌ನಿಂದ ರೈಲಿನಲ್ಲಿ ಸುಮಾರು ಐದು ಗಂಟೆಯ ಹಾದಿ. ಪ್ಲಿಮತ್ ದಾಟಿದ ಮೇಲೆ ಟೇಮರ್ ನದಿಯ ಮೇಲೆ ಬ್ರೂನೆಲ್ ಕಟ್ಟಿದ 1859ರ ಕಬ್ಬಿಣದ ಸೇತುವೆ ಬರುತ್ತದೆ. ರೈಲು ಅದರ ಮೇಲೆ ನಿಧಾನವಾಗಿ ತೆವಳುತ್ತಿದ್ದಾಗ ಎದುರಿಗೆ ಕುಳಿತಿದ್ದ ಮಹಿಳೆ ಹೆಣಿಗೆಯನ್ನು ಚೀಲಕ್ಕೆ ತುರುಕಿ, ಕೋಟಿನ ಗುಂಡಿ ಹಾಕಿಕೊಂಡು, "ಊರು ಬಂತು" ಎಂದರು. ಕ್ಯಾಂಬೋರ್ನ್ ಇನ್ನೂ ಒಂದೂವರೆ ಗಂಟೆ ದೂರವಿತ್ತು! ನದಿಯಾಚೆ ಇಂಗ್ಲೆಂಡ್, ಈಚೆ ತಮ್ಮದು ಎಂಬುದು ಇವರ ಲೆಕ್ಕ. ಬ್ರಿಟನ್ನಿನ ನಕಾಶೆ ಏನಾದರೂ ಹೇಳಲಿ. ಮದುವೆಯಾಗಿ ರೆಡಿಂಗ್ ಸೇರಿದ ಆಕೆ ಪ್ರತಿ ವರ್ಷ ಏಪ್ರಿಲ್ ತಿಂಗಳ ಕೊನೆಯ ಶನಿವಾರಕ್ಕೆ ತಪ್ಪದೆ ಬರುತ್ತಾರಂತೆ. ಅಂದು ಟ್ರೆವಿಥಿಕ್ ದಿನ, ಕ್ಯಾಂಬೋರ್ನಿನ ಊರಹಬ್ಬ.

1801ರ ಕ್ರಿಸ್‌ಮಸ್ ಹಿಂದಿನ ಸಂಜೆ ರಿಚರ್ಡ್ ಟ್ರೆವಿಥಿಕ್ ಎಂಬ ಇಲ್ಲಿನ ಎಂಜಿನಿಯರ್ ತನ್ನ ಉಗಿಬಂಡಿಯಲ್ಲಿ ಜನರನ್ನು ಕೂರಿಸಿಕೊಂಡು ಊರ ಏರುರಸ್ತೆಯನ್ನು ಹತ್ತಿಸಿದ. ಕೆಲವೇ ದಿನಗಳಲ್ಲಿ ಬಂಡಿ ಕೆಟ್ಟು ನಿಂತಾಗ, ಅದನ್ನು ಬದಿಗೆ ಬಿಟ್ಟು ಎಲ್ಲರೂ ಹೋಟೆಲಿಗೆ ಹೆಬ್ಬಾತಿನ ಊಟಕ್ಕೆ ಹೋದರು. ಒಲೆ ಆರಿಸುವುದು ಯಾರಿಗೂ ನೆನಪಾಗಲಿಲ್ಲ. ಬಂಡಿ ಸುಟ್ಟುಹೋಯಿತು. ಗ್ರಂಥಾಲಯದ ಮುಂದಿನ ಅವನ ಪ್ರತಿಮೆ ಪುಟ್ಟ ಎಂಜಿನ್ ಒಂದನ್ನು ಕೈಯಲ್ಲಿ ಹಿಡಿದು ಆ ಏರಿನ ಕಡೆಗೇ ನೋಡುತ್ತದೆ. 1984ರಿಂದ ನಡೆಯುತ್ತಿರುವ ಈ ಹಬ್ಬದಂದು ನಾಡಿನ ಮೂಲೆಮೂಲೆಯ ಉಗಿ ಎಂಜಿನ್‌ಗಳು ಬಂದು ಬೀದಿಯಲ್ಲಿ ಸಾಲುಗಟ್ಟುತ್ತವೆ. ಕಲ್ಲಿದ್ದಲ ಹೊಗೆ, ಬಿಸಿ ಎಣ್ಣೆಯ ವಾಸನೆ, ಕಿವಿ ಗಡಚಿಕ್ಕುವ ಸೀಟಿ. ಶಾಲೆಯ ಹುಡುಗಿಯರು ಬಿಳಿ ಮುಂಗವಸು, ಭುಜದವರೆಗೆ ಇಳಿಬಿದ್ದ ಬಟ್ಟೆಯ ಟೊಪ್ಪಿ ತೊಟ್ಟು ಕುಣಿಯುತ್ತಿದ್ದರು. ಗಣಿಯ ಮೇಲ್ನೆಲದಲ್ಲಿ ಸುತ್ತಿಗೆ ಹಿಡಿದು ಅದಿರು ಒಡೆಯುತ್ತಿದ್ದ ಹೆಂಗಸರ ವೇಷ ಅದು. ಅವರ ಮುತ್ತಜ್ಜಿಯರು ಅದೇ ಟೊಪ್ಪಿಯನ್ನು ಬಿಸಿಲು ಮತ್ತು ಸಿಡಿಯುವ ಚೂರುಗಳಿಂದ ತಪ್ಪಿಸಿಕೊಳ್ಳಲು ಹಾಕಿಕೊಂಡಿದ್ದರು, ಫೋಟೊಗಾಗಿ ಅಲ್ಲ.

ಹೊಟ್ಟೆ ಚುರುಗುಟ್ಟಿದಾಗ ಅಣ್ಣನ ಮಗಳು ಒಂದು ಬೇಕರಿಯ ಸಾಲಿನಲ್ಲಿ ನಿಲ್ಲಿಸಿದಳು. ಪ್ಯಾಸ್ಟಿ ನಮ್ಮ ಕರ್ಜಿಕಾಯಿಯ ದೊಡ್ಡಣ್ಣ. ಒಳಗೆ ಗೋಮಾಂಸ, ಆಲೂಗಡ್ಡೆ, ಈರುಳ್ಳಿ, ಒಂದು ಬಗೆಯ ಹಳದಿ ಗಡ್ಡೆ. 2011ರಿಂದ ಇದಕ್ಕೆ ಯುರೋಪಿನ ಭೌಗೋಳಿಕ ಮಾನ್ಯತೆ ಇದೆ. ಅಂಚನ್ನು ಮೇಲೆ ಮಡಿಸಿದರೆ ಕಾರ್ನ್‌ವಾಲ್‌ನದಲ್ಲ, ಪಕ್ಕಕ್ಕೆ ಮಡಿಸಿರಬೇಕು ಎಂದು ನಿಯಮವೇ ಹೇಳುತ್ತದೆ. ನಾನು ತರಕಾರಿಯದನ್ನು ಕೇಳಿದೆ. ಗಾಜಿನಾಚೆ ಒಬ್ಬಾಕೆ ಹಿಟ್ಟಿನ ಬಿಲ್ಲೆಯ ಮೇಲೆ ಹೂರಣ ಹರಡಿ, ಅರ್ಧಕ್ಕೆ ಮಡಚಿ, ಎಡ ಹೆಬ್ಬೆರಳಿನಿಂದ ಒತ್ತಿ ಬಲಗೈಯಿಂದ ತಿರುವುತ್ತಾ ಅಂಚನ್ನು ಹಗ್ಗದಂತೆ ಹೊಸೆಯುತ್ತಿದ್ದಳು. ಸಾಲಿನಲ್ಲಿ ನನ್ನ ಹಿಂದಿದ್ದ ಎಂಬತ್ತು ದಾಟಿದ ಹಿರಿಯರೊಬ್ಬರು ಆ ಕೈಗಳನ್ನೇ ನೋಡುತ್ತಾ, "ಅಮ್ಮ ಮೂಲೆಯಲ್ಲಿ ಹಿಟ್ಟಿನಿಂದಲೇ ನನ್ನ ಹೆಸರಿನ ಮೊದಲ ಅಕ್ಷರ ಅಂಟಿಸುತ್ತಿದ್ದರು. ಅರ್ಧ ತಿಂದಿಟ್ಟದ್ದನ್ನು ತಮ್ಮ ಕಬಳಿಸಬಾರದಲ್ಲ" ಎಂದರು. ಅಲ್ಲಿಂದ ಶುರುವಾದ ಮಾತು ಚೌಕದ ಬೆಂಚಿನ ಮೇಲೆ ಗಂಟೆಗಟ್ಟಲೆ ಮುಂದುವರಿಯಿತು.

ಅವರು ಹದಿನೈದನೆಯ ವಯಸ್ಸಿಗೆ ಹೋಲ್ಮನ್ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗಿ ಸೇರಿದವರು. ಬಂಡೆ ಕೊರೆಯುವ ಡ್ರಿಲ್, ಗಾಳಿ ಕಂಪ್ರೆಸರ್‌ಗಳನ್ನು ಜಗತ್ತಿಗೆಲ್ಲ ಮಾರಿದ, ಸಾವಿರಾರು ಜನಕ್ಕೆ ಕೆಲಸ ಕೊಟ್ಟ ಕಾರ್ಖಾನೆ ಅದು. "ಸಾಗಣೆಯ ಪೆಟ್ಟಿಗೆಗಳ ಮೇಲೆ ಬರೆದ ಊರಿನ ಹೆಸರುಗಳನ್ನು ಓದಿಯೇ ನಾನು ಭೂಗೋಳ ಕಲಿತದ್ದು" ಎಂದರು. ಮಧ್ಯಾಹ್ನ ಹೂಟರ್ ಕೂಗಿದರೆ ಗೇಟಿನಿಂದ ಸೈಕಲ್‌ಗಳ ಪ್ರವಾಹ. ರಸ್ತೆ ದಾಟಬೇಕಾದವರು ಐದು ನಿಮಿಷ ಗೋಡೆಗೆ ಅಂಟಿ ನಿಲ್ಲಬೇಕು. ಗಡಿಯಾರ ಇದ್ದ ಮನೆಯವರೂ ಆಲೂಗಡ್ಡೆ ಬೇಯಲು ಇಡುತ್ತಿದ್ದುದು ಹೂಟರ್ ಕೇಳಿಯೇ.

ನಾನು ನಮ್ಮ ಊರಿನ ಸೈರನ್ ವಿಷಯ ಹೇಳಿದೆ. ಪಾಳಿಯ ಸೈರನ್ ಕೇಳಿ ಶಾಲೆಗೆ ಹೊರಡುತ್ತಿದ್ದುದು, ಕೆಲವು ರಾತ್ರಿ ಆಳದಲ್ಲಿ ಬಂಡೆ ಸಿಡಿದಾಗ ಅಟ್ಟದ ಪಾತ್ರೆಗಳು ಸದ್ದು ಮಾಡುತ್ತಿದ್ದುದು, ಹೆಂಗಸರು ಹಾಗೇ ಎದ್ದು ಶಾಫ್ಟ್ ಕಡೆಗೆ ಓಡುತ್ತಿದ್ದುದು. ಅವರು ಪ್ಯಾಸ್ಟಿ ತಿನ್ನುವುದನ್ನು ನಿಲ್ಲಿಸಿ ಕೇಳಿಸಿಕೊಂಡರು. "ನಿಮ್ಮಲ್ಲಿ ಈಗಲೂ ಕೂಗುತ್ತದೆಯೇ?" ಎಂದು ಕೇಳಿದರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು ಎಂದೆ. "ನಮ್ಮ ಸೌತ್ ಕ್ರಾಫ್ಟಿ ತವರದ ಗಣಿ 1998ರ ಮಾರ್ಚ್‌ನಲ್ಲಿ. ಮೂರು ವರ್ಷ ನೀವೇ ಮುಂದೆ" ಎಂದು ನಕ್ಕರು. ಕಾರ್ಖಾನೆಯೂ ಹೋಯಿತು, ಅದರ ಜಾಗದ ಒಂದು ಭಾಗದಲ್ಲಿ ಈಗ ಸೂಪರ್‌ಮಾರ್ಕೆಟ್ ಇದೆ. ತಾನು ಲೇತ್ ನಡೆಸುತ್ತಿದ್ದ ಜಾಗದಲ್ಲಿ ಈಗ ಬಿಸ್ಕತ್ತು ಇಟ್ಟಿದ್ದಾರೆ ಎಂದು ಅವರ ಖಚಿತ ಅಭಿಪ್ರಾಯ.

ಗದ್ದಲ, ಧೂಳು, ಗ್ರೀಸ್ ಮೆತ್ತಿದ ಬಟ್ಟೆ. ಇಂಥದಕ್ಕೆ ಯಾರಾದರೂ ಹಂಬಲಿಸುತ್ತಾರೆಯೇ ಎಂದು ಗಣಿಯೂರಿನಲ್ಲಿ ಬೆಳೆಯದವರು ಕೇಳಬಹುದು. ಹಸಿರು ಗದ್ದೆಯ ಹಳ್ಳಿಯ ನೆನಪು ಬರೆದರೆ ಎಲ್ಲರೂ ತಲೆದೂಗುತ್ತಾರೆ. ಸಯನೈಡ್ ಮರಳಿನ ದಿಬ್ಬ ಜಾರುವಾಟಕ್ಕೆ ಎಷ್ಟು ಚೆನ್ನಾಗಿತ್ತು ಎಂದರೆ ಗಾಬರಿಯಾಗುತ್ತಾರೆ. ಇಲ್ಲಿ ನನಗೆ ವಿವರಿಸುವ ಕಷ್ಟ ಬೀಳಲಿಲ್ಲ.

ಮರುದಿನ ಆ ಹಿರಿಯರು ಹೇಳಿದ್ದ ಕೆಂಪು ಹೊಳೆ ನೋಡಲು ಹೋದೆವು. ರೆಡ್ ರಿವರ್ ಎಂಬುದೇ ಅದರ ಹೆಸರು. ಅದಿರು ತೊಳೆದ ನೀರೆಲ್ಲ ಸೇರಿ ಕಬ್ಬಿಣದ ಕೆಸರಿನಿಂದ ಇಟ್ಟಿಗೆಪುಡಿಯ ಬಣ್ಣ ತಾಳಿ ಗಾಡ್ರೆವಿಯ ಬಳಿ ಕಡಲು ಸೇರುತ್ತಿತ್ತು. ದಂಡೆಯ ಅಲೆಗಳೂ ಕೆಂಪಾಗುತ್ತಿದ್ದವಂತೆ. ಆಟಕ್ಕೆ ಹೋದ ಮಕ್ಕಳು ಎಲ್ಲಿಗೆ ಹೋಗಿದ್ದರೆಂದು ತಾಯಂದಿರು ಕೇಳುವ ಅಗತ್ಯವೇ ಇರಲಿಲ್ಲ, ಕಾಲುಚೀಲ ನೋಡಿದರೆ ಸಾಕಿತ್ತು. ನಾವು ನೋಡಿದಾಗ ಒಬ್ಬ ಹುಡುಗ ದಾಟಬಹುದಾದಷ್ಟು ಅಗಲದ ತಿಳಿನೀರು ಜೊಂಡಿನ ನಡುವೆ ಹರಿಯುತ್ತಿತ್ತು. ದಡ ಕೆದಕಿದರೆ ಮಾತ್ರ ಬೆರಳಿಗೆ ಕೆಂಪು ಹತ್ತಿತು. "ಚಿಕ್ಕಪ್ಪ, ಕೈ ತೊಳೆದುಕೊಳ್ಳಿ. ಇಲ್ಲಿನ ಮಣ್ಣಿನಲ್ಲಿ ಆರ್ಸೆನಿಕ್ ಇದೆ" ಎಂದು ಅಣ್ಣನ ಮಗಳು ನೀರಿನ ಬಾಟಲಿ ಚಾಚಿದಳು. ತವರದ ಅದಿರಿನ ಜೊತೆಗೇ ಬರುವ ಆ ವಿಷವನ್ನೂ ಹುರಿದು, ಅಂಕುಡೊಂಕಾದ ಕೊಠಡಿಗಳಲ್ಲಿ ಹೆಪ್ಪುಗಟ್ಟಿಸಿ ಮಾರುತ್ತಿದ್ದರು. ಈ ಪಾಠವೆಲ್ಲ ಆಕೆಗೆ ಬಾಯಿಪಾಠ.

ಕ್ಯಾಂಬೋರ್ನಿನಿಂದ ರೆಡ್ರೂತ್‌ಗೆ ಬಸ್ಸಿನಲ್ಲಿ ಹೋದೆವು. 1902ರಿಂದ 1927ರವರೆಗೆ ಈ ಎರಡು ಊರುಗಳ ನಡುವೆ ವಿದ್ಯುತ್ ಟ್ರಾಮ್ ಓಡುತ್ತಿತ್ತು. ಶಿವನಸಮುದ್ರದ ವಿದ್ಯುತ್ ಕೆಜಿಎಫ್‌ಗೆ ಬಂದದ್ದೂ 1902ರಲ್ಲೇ ಎಂದು ನಾನು ಹೆಮ್ಮೆಯಿಂದ ಹೇಳಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಎರಡೂ ಊರಿನವರಿಗೆ ಪರಸ್ಪರ ಆಗಿಬರುವುದಿಲ್ಲ, ಕ್ರಿಸ್‌ಮಸ್ ಮರುದಿನದ ರಗ್ಬಿ ಪಂದ್ಯದಲ್ಲಿ ಅದನ್ನೆಲ್ಲ ತೀರಿಸಿಕೊಳ್ಳುತ್ತಾರೆ. ರೆಡ್ರೂತ್‌ನ ಹಳೆಯ ಬ್ರೂವರಿ ಕಟ್ಟಡದಲ್ಲಿ 2019ರಿಂದ ಕ್ರೆಸೆನ್ ಕೆರ್ನೊ ಎಂಬ ದಾಖಲೆ ಭಂಡಾರವಿದೆ. ಕ್ಯಾಂಬೋರ್ನಿನ ಛಾಯಾಗ್ರಾಹಕ ಜೆ. ಸಿ. ಬರೊ 1890ರ ದಶಕದಲ್ಲಿ ಮೆಗ್ನೀಸಿಯಂ ಉರಿಸಿ ಆ ಬೆಳಕಿನಲ್ಲಿ ಗಣಿಯೊಳಗೆ ತೆಗೆದ ಚಿತ್ರವೊಂದನ್ನು ನಾನು ಬಹಳ ಹೊತ್ತು ನೋಡಿದೆ. ಗಟ್ಟಿ ಟೊಪ್ಪಿಯ ಮುಂದುಗಡೆ ಜೇಡಿಮಣ್ಣಿನ ಮುದ್ದೆ, ಅದಕ್ಕೆ ಚುಚ್ಚಿದ ಮೇಣದಬತ್ತಿ, ಕೊರಳ ಗುಂಡಿಗೆ ನೇತುಹಾಕಿಕೊಂಡ ಇನ್ನಷ್ಟು ಬತ್ತಿಗಳು. ಅಂಚಿನಲ್ಲಿ ನಿಂತ ಹುಡುಗನಿಗೆ ಮೀಸೆಯೂ ಮೂಡಿರಲಿಲ್ಲ.

ರೆಡ್ರೂತ್‌ನ ಹೊರಗೆ ಗ್ವೆನಪ್ ಪಿಟ್ ಇದೆ. ಕೆಳಗಿನ ಗಣಿ ಕುಸಿದು ನೆಲ ತಗ್ಗಾದ ಜಾಗ ಎನ್ನುತ್ತಾರೆ. ಮೆಥಡಿಸ್ಟ್ ಪಂಥದ ಜಾನ್ ವೆಸ್ಲಿ 1762ರಿಂದ 1789ರ ನಡುವೆ ಇಲ್ಲಿ ಹದಿನೆಂಟು ಬಾರಿ ಉಪದೇಶ ಮಾಡಿದ. ಆಮೇಲೆ ಊರವರು ಹುಲ್ಲಿನ ಮೆಟ್ಟಿಲುಗಳನ್ನು ವೃತ್ತಾಕಾರವಾಗಿ ಕೊರೆದರು. ಅಲ್ಲಿ ಸಿಕ್ಕ ಅಜ್ಜಿಯೊಬ್ಬರು ಭಾನುವಾರದ ಶಾಲೆಯ 'ಟೀ ಟ್ರೀಟ್' ಬಗ್ಗೆ ಹೇಳತೊಡಗಿದರು. ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಹಿತ್ತಾಳೆ ವಾದ್ಯದವರ ಹಿಂದೆ ಮೆರವಣಿಗೆ, ಬಳಿಕ ಹೊಲದಲ್ಲಿ ಪ್ರತಿ ಮಗುವಿಗೂ ಕೇಸರಿ ಹಾಕಿದ, ಮುಖದಷ್ಟಗಲದ ಬನ್ನು. ಮಗ್ ಮನೆಯಿಂದ ತರಬೇಕು, ಅದಲುಬದಲಾಗದಂತೆ ಹಿಡಿಗೆ ಬಣ್ಣದ ದಾರ ಕಟ್ಟಿರಬೇಕು. ಅವರದು ಹಸಿರು ದಾರ. "ಕೇಸರಿ ಬಲು ದುಬಾರಿ. ಬನ್ನು ಹಳದಿಯಾಗಿದೆಯೋ ಬರೀ ಮಸುಕಾಗಿದೆಯೋ ನೋಡಿ ಯಾವ ಚಾಪೆಲ್‌ನವರು ಜಿಪುಣರು ಎಂದು ಹೇಳಿಬಿಡುತ್ತಿದ್ದೆವು" ಎಂದರು. ನಾನು ಎಲ್ಲಿಯವನೆಂದು ಕೇಳಿ ತಿಳಿದಾಗ ತಡವರಿಸದೆ "ಕೋಲಾರ್" ಎಂದರು. ಅವರ ಬೀದಿಯ ಕೊನೆಯ ಮನೆಗೆ ಅಲ್ಲಿಂದ ಚಹಾದ ಡಬ್ಬಿ ಬರುತ್ತಿತ್ತಂತೆ. ಉಳಿದ ಮನೆಗಳಿಗೆ ದಕ್ಷಿಣ ಆಫ್ರಿಕಾದಿಂದ ಹಣ. ಬಾರದ ತಿಂಗಳು ಅಂಗಡಿಯವನು ಸಾಲದ ಪುಸ್ತಕ ತೆರೆಯುತ್ತಿದ್ದ.

ಹೊರದೇಶದಿಂದ ಹಿಂದಿರುಗಿದವರು ಹೇಗೆ ಬಂದರು ಎಂದು ಕೇಳಿದೆ. "ಕೆಮ್ಮುತ್ತಾ" ಎಂದರು. ನೀರು ಸಿಂಪಡಿಸದೆ ಒಣಗಲ್ಲು ಕೊರೆಯುತ್ತಿದ್ದ ಹಳೆಯ ಡ್ರಿಲ್‌ಗಳಿಗೆ ವಿಧವೆಯರನ್ನು ಮಾಡುವ ಯಂತ್ರ ಎಂದು ಅಡ್ಡಹೆಸರಿತ್ತು. ಕಲ್ಲಿನ ಧೂಳು ಶ್ವಾಸಕೋಶ ಸೇರಿ ಬರುವ ಸಿಲಿಕೋಸಿಸ್ ನಮ್ಮ ಕೆಜಿಎಫ್‌ನ ಮನೆಗಳಲ್ಲೂ ಗೊತ್ತಿದ್ದ ರೋಗ. ಓಣಿಯಲ್ಲಿ ಯಾರ ತಂದೆ ಬರುತ್ತಿದ್ದಾರೆಂದು ಕೆಮ್ಮಿನಿಂದಲೇ ಗುರುತಿಸುತ್ತಿದ್ದೆವು. 2006ರಲ್ಲಿ ಯುನೆಸ್ಕೊ ಈ ಗಣಿಸೀಮೆಯನ್ನು ವಿಶ್ವ ಪರಂಪರೆ ಎಂದು ಸಾರಿದ ಮೇಲೆ ಐವಿ ಹಬ್ಬಿದ ಎಂಜಿನ್ ಮನೆಗಳು ಟೀ ಟವೆಲ್‌ಗಳ ಮೇಲೂ ಮೂಡಿವೆ. ಚೆಂದವಾಗಿಯೇ ಇವೆ. ಆದರೆ ಟವೆಲ್ ಕೊಳ್ಳುವವರಲ್ಲಿ ಊರು ಬಿಟ್ಟವರೇ ಹೆಚ್ಚು. ಉಳಿದವರು ಮನೆ ಬಾಡಿಗೆಯ ಬಗ್ಗೆ, ರಜೆಗೆಂದು ಲಂಡನ್ನಿನವರು ಕೊಂಡು ಬೀಗ ಹಾಕಿದ ಕಡಲತೀರದ ಮನೆಗಳ ಬಗ್ಗೆ ಮಾತಾಡುತ್ತಾರೆ.

ಹೊರಡುವ ಹಿಂದಿನ ಸಂಜೆ ಬೆಂಚಿನ ಹಿರಿಯರು ಮತ್ತೆ ಸಿಕ್ಕರು. ಸೌತ್ ಕ್ರಾಫ್ಟಿಯನ್ನು ಪುನಃ ತೆರೆಯಲು ಕಂಪನಿಯೊಂದು 2023ರಿಂದ ಗಣಿಯ ನೀರನ್ನು ಹೊರಹಾಕುತ್ತಿದೆ. ಫೋನ್, ವಿದ್ಯುತ್ ಸಲಕರಣೆಗಳ ಬೆಸುಗೆಗೆ ತವರ ಬೇಕು, ಬೆಲೆ ಏರಿದೆ. ಅವರ ಮೊಮ್ಮಗ ಅಲ್ಲಿ ಅರ್ಜಿ ಹಾಕಿದ್ದಾನೆ. ಸಂತೋಷವೇ ಎಂದರೆ, ಸಂಬಳ ಎಷ್ಟೆಂದು ಹೇಳಿದ ಮೇಲೆ ಹೇಳುತ್ತೇನೆ ಎಂದರು. ನನ್ನ ಅಣ್ಣನ ಮಗಳ ಕಡೆ ತಿರುಗಿ, "ನೀನೂ ಅಲ್ಲೇ ಸೇರುತ್ತೀಯಾ ಮಗೂ?" ಎಂದು ಕೇಳಿದರು. ಆಕೆ ಲಿಥಿಯಂ ಕಡೆ ನೋಡುತ್ತಿದ್ದೇನೆ, ಅದೂ ಇಲ್ಲೇ ಕಾರ್ನ್‌ವಾಲ್‌ನಲ್ಲಿ ಹುಡುಕುತ್ತಿದ್ದಾರೆ ಎಂದಳು. ಮುದುಕರು ಕೆಲಹೊತ್ತು ಯೋಚಿಸಿ ನನ್ನನ್ನು ಕೇಳಿದರು: "ಇವರಪ್ಪ ಏನು ಮಾಡುತ್ತಾರೆ?"

"ಬೆಂಗಳೂರಿನಲ್ಲಿ ಬ್ಯಾಂಕು" ಎಂದೆ.

"ಹಾಗಾದರೆ ಗಣಿಗೆ ಇಳಿಯಲು ಅವರು ಒಪ್ಪಿದರೇ?"

"ಅವರಿಗೆ ಇನ್ನೂ ಹೇಳಿಲ್ಲ" ಎಂದು ಅವಳು ಕನ್ನಡದಲ್ಲಿ ನನಗೆ ಹೇಳಿದಳು, "ನೀವೇ ಹೇಳಬೇಕು ಚಿಕ್ಕಪ್ಪ."