ಮಳೆಗಾಲದಲ್ಲಿ ಬಂದ ಹೊಸ ಗಿಟಾರ್

ಜುಲೈನ ಜಡಿಮಳೆಯಲ್ಲಿ ತೀರ್ಥಹಳ್ಳಿ ಕಡೆಯ ಹುಡುಗನೊಬ್ಬನ ಹೊಸ ಅಕೌಸ್ಟಿಕ್ ಗಿಟಾರ್ ಶಿವಮೊಗ್ಗಕ್ಕೆ ರಿಪೇರಿಗೆ ಬಂತು. ಎಫ್ ಕಾರ್ಡ್ ಎಂಬ ಸ್ವರಗುಚ್ಛ ಹಿಡಿದರೆ ಬೆರಳು ಉರಿ, ಶ್ರುತಿಯೂ ಏರುತ್ತಿತ್ತು. ಕಲಿಯುವವರು ಇದನ್ನು ತಮ್ಮ ಬೆರಳಿನ ದೋಷ ಅಂದುಕೊಂಡು ಗಿಟಾರನ್ನೇ ಮೂಲೆಗಿಡುತ್ತಾರೆ, ಪಾಪ. ಹನ್ನೆರಡನೇ ಫ್ರೆಟ್ಟಿನಲ್ಲಿ (ನೆಕ್, ಅಂದರೆ ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿ) ಸ್ಕೇಲಿಟ್ಟು ಅಳೆದರೆ ದಪ್ಪನೆಯ ಆರನೇ ತಂತಿ 3.4 ಮಿ.ಮೀ. ಎತ್ತರದಲ್ಲಿತ್ತು, ತೆಳ್ಳಗಿನ ಒಂದನೆಯದು 2.7. ಸುಮಾರು 2.4 ಮತ್ತು 1.8 ಇದ್ದರೆ ಚೆಂದ.

ಹಾಗಂತ ಸ್ಯಾಡಲ್ (ಮೇಲ್ಹಲಗೆಗೆ ಅಂಟಿಸಿದ ಬ್ರಿಜ್ ಎಂಬ ಮರದ ತುಂಡಿನಲ್ಲಿ ತಂತಿಗಳನ್ನು ಹೊರುವ ಪಟ್ಟಿ) ಉಜ್ಜಲು ಕೂರುವಂತಿಲ್ಲ. ಗಿಟಾರಿಗೆ ಶೇ. 45ರಿಂದ 55ರಷ್ಟು ತೇವಾಂಶದ ಗಾಳಿ ಹಿತ. ನಮ್ಮ ಮಳೆಗಾಲದಲ್ಲಿ ಅದು 80 ದಾಟುವುದು ಮಾಮೂಲು. ಪ್ಲೈವುಡ್ ಅಲ್ಲದ, ಇಡೀ ಮರದ ಮೇಲ್ಹಲಗೆ ತೇವ ಹೀರಿ ಉಬ್ಬುತ್ತದೆ, ಜೊತೆಗೆ ಬ್ರಿಜ್ಜನ್ನೂ ತಂತಿಯನ್ನೂ ಮೇಲೆತ್ತುತ್ತದೆ. ಈ ಉಬ್ಬು ಇಳಿಯುವ ಮೊದಲೇ ಉಜ್ಜಿದರೆ ಬೇಸಿಗೆಯಲ್ಲಿ ತಂತಿಗಳೆಲ್ಲ ಫ್ರೆಟ್ಟಿಗೆ ಬಡಿಯುತ್ತವೆ. ಆದ್ದರಿಂದ ಮೊದಲು ಕೇಸಿನೊಳಗೆ ಸಿಲಿಕಾ ಜೆಲ್ ಪೊಟ್ಟಣ, ತೇವ ಅಳೆಯುವ ಸಣ್ಣ ಹೈಗ್ರೋಮೀಟರ್ ಇಟ್ಟು ಮುಚ್ಚಿದ್ದಾಯಿತು. ಮಲೆನಾಡಲ್ಲಿ ಒಣಗಬೇಕಾದ್ದೆಲ್ಲ ಬಚ್ಚಲೊಲೆ ಹತ್ತಿರ ಹೋಗುತ್ತದೆ; ಗಿಟಾರ್ ಮಾತ್ರ ಹೋಗಬಾರದು. ಶಾಖಕ್ಕೆ ಅಂಟು ಮೆದುವಾದರೆ ತಂತಿಗಳ ಎಳೆತಕ್ಕೆ ಬ್ರಿಜ್ ಹಿಂದಿನಿಂದ ಏಳುತ್ತದೆ. ಅದರ ಹಿಂದಂಚಿನಡಿ ಕಾಗದ ತೂರಿದರೆ ಆಗಲೇ ಏಳತೊಡಗಿದೆ ಎಂದರ್ಥ. ಇದರಲ್ಲಿ ತೂರಲಿಲ್ಲ.

ಕೆಲವು ದಿನದಲ್ಲಿ ಹೈಗ್ರೋಮೀಟರ್ 55ಕ್ಕೆ ಬಂತು, ಆರನೇ ತಂತಿ 3.0ಕ್ಕೆ ಇಳಿಯಿತು. ಆಮೇಲೆ ನೆಕ್. ಒಂದನೇ ಫ್ರೆಟ್ಟಿಗೆ ತಂತಿಗಳನ್ನು ಒತ್ತಿಹಿಡಿಯುವ ಕೇಪೋ ಕ್ಲಿಪ್ ಹಾಕಿ, ಆರನೇ ತಂತಿಯನ್ನು ಹದಿನಾಲ್ಕನೇ ಫ್ರೆಟ್ಟಿನಲ್ಲಿ ಒತ್ತಿ, ಏಳನೆಯದರ ಮೇಲಿನ ಸಂದನ್ನು ಫೀಲರ್ ಗೇಜ್ ಎಂಬ ತೆಳು ಲೋಹದ ಎಲೆಗಳಲ್ಲಿ ಅಳೆಯಬೇಕು. ಬೈಕ್ ಗ್ಯಾರೇಜಿನವರು ವಾಲ್ವ್ ಹೊಂದಿಸುವ ಗೇಜೇ ಸಾಕು. ಸಿಕ್ಕಿದ್ದು 0.45 ಮಿ.ಮೀ., ಬೇಕಿದ್ದು 0.2ರ ಆಸುಪಾಸು. ತಂತಿ ಸಡಿಲಿಸಿ, ನೆಕ್ಕಿನ ಬಾಗು ತಿದ್ದುವ ಅದರೊಳಗಿನ ಸರಳಾದ ಟ್ರಸ್ ರಾಡನ್ನು ಅಲೆನ್ ಕೀಲಿಯಿಂದ ಬಲಕ್ಕೆ ಕಾಲು ಸುತ್ತು ಬಿಗಿದು, ಮತ್ತೆ ಶ್ರುತಿ ಮಾಡಿ ಅಳೆಯಬೇಕು. ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ಬೇಡ, ಕೀಲಿ ಗಟ್ಟಿಯಾಗಿ ತಡೆದರೆ ಅಲ್ಲಿಗೇ ನಿಲ್ಲಿಸಿ.

ಎಫ್ ಕಾರ್ಡಿನ ನಿಜವಾದ ತೊಂದರೆ ನೆಕ್ಕಿನ ತುದಿಯಲ್ಲಿ ತಂತಿಗಳು ಕೂರುವ ತೋಡುಪಟ್ಟಿಯಾದ ನಟ್‌ನಲ್ಲಿತ್ತು. ಮೂರನೇ ಫ್ರೆಟ್ಟಿನಲ್ಲಿ ತಂತಿ ಒತ್ತಿದಾಗ ಒಂದನೇ ಫ್ರೆಟ್ಟಿನ ಮೇಲೆ ಕೂದಲೆಳೆಯಷ್ಟು ಸಂದು ಉಳಿದು, ಬೆರಳಿಂದ ತಟ್ಟಿದರೆ ಟಿಕ್ ಎನ್ನಬೇಕು. ಇಲ್ಲಿ ದಪ್ಪ ರಟ್ಟೇ ತೂರುವಷ್ಟಿತ್ತು. ತೋಡನ್ನು ಆಯಾ ತಂತಿಯ ದಪ್ಪದ ನಟ್ ಫೈಲಿನಿಂದ, ಶ್ರುತಿ ಕೀಲಿಗಳಿರುವ ಹೆಡ್‌ಸ್ಟಾಕ್ ಕಡೆಗೆ ತುಸು ಇಳಿಜಾರಾಗಿ, ನಾಲ್ಕೈದು ಸಲ ಉಜ್ಜಿ ನೋಡುತ್ತ ಇಳಿಸಬೇಕು. ಹ್ಯಾಕ್ಸಾ ಬ್ಲೇಡು ಬೇಡವೇ ಬೇಡ. ತೋಡು ಆಳವಾದರೆ ಒತ್ತದೆ ಬಿಟ್ಟ ತಂತಿ ಝೇಂಕರಿಸುತ್ತದೆ, ನಟ್ಟನ್ನೇ ಬದಲಿಸಬೇಕಾದೀತು.

ಕೊನೆಗೆ ಸ್ಯಾಡಲ್. ಆರನೇ ತಂತಿ 2.8ರಲ್ಲಿ ನಿಂತಿತ್ತು. ಹನ್ನೆರಡನೇ ಫ್ರೆಟ್ಟಿನಲ್ಲಿ 0.4 ಇಳಿಯಬೇಕಾದರೆ ಸ್ಯಾಡಲಿನಡಿ ಅದರ ಎರಡರಷ್ಟು, 0.8 ಮಿ.ಮೀ. ಹೋಗಬೇಕು. ಪೆನ್ಸಿಲ್ ಗೆರೆ ಎಳೆದು, ಗಾಜಿನ ಮೇಲೆ 220ರ ಸ್ಯಾಂಡ್‌ಪೇಪರ್ ಹಾಸಿ, ಸ್ಯಾಡಲನ್ನು ನೆಟ್ಟಗೆ ಹಿಡಿದು ತಳವನ್ನಷ್ಟೇ ಉಜ್ಜಬೇಕು. ತಳ ವಾಲಿದರೆ ಬ್ರಿಜ್ಜಿಗೆ ಸರಿಯಾಗಿ ಕೂರದೆ ನಾದ ಮಂಕಾಗುತ್ತದೆ. ಉಜ್ಜಿದ್ದು ಹೊಸದೊಂದು ಮೂಳೆ ಸ್ಯಾಡಲನ್ನು. ಹಳೆಯದನ್ನು ಹಾಗೇ ಕೇಸಿನಲ್ಲಿಟ್ಟು ಕಳಿಸಿದ್ದಾಯಿತು: ಮಾರ್ಚಿನ ಒಣಹವೆಗೆ ಹಲಗೆ ಇನ್ನೂ ಇಳಿದು ತಂತಿ ಬಡಿಯತೊಡಗಿದರೆ, ಎತ್ತರದ ಆ ಸ್ಯಾಡಲನ್ನು ಬೇಕಾದಷ್ಟೇ ತಗ್ಗಿಸಿ ಹಾಕಿಕೊಳ್ಳಬಹುದು.